ಹ್ಯಾಂಡಲ್‌ನಿಂದ ಕೀಲಿಯವರೆಗೆ: ಭಾಂಡುಪ್ ರಸ್ತೆಯ ಬ್ಯಾಟರಿ ಪುರಾಣ



ಮುಂಬಯಿಯಲ್ಲಿ ಕಾರು ಇಟ್ಟುಕೊಂಡವರ ದಿನಚರಿಯೇ ವಿಚಿತ್ರ. ಸೋಮವಾರದಿಂದ ಶನಿವಾರದವರೆಗೆ ಒಡೆಯರು ಲೋಕಲ್ ಟ್ರೇನಿನಲ್ಲಿ ನೇತಾಡುತ್ತಾರೆ, ಕಾರು ಸೊಸೈಟಿಯ ಕಾಂಪೌಂಡಿನಲ್ಲಿ ಧೂಳು ಹೊದ್ದು ಮಲಗಿರುತ್ತದೆ. ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕೀಲಿ ತಿರುಗಿಸಿದರೆ 'ಟಕ್ ಟಕ್ ಟಕ್' ಎಂಬ ಸದ್ದು ಮಾತ್ರ! 'ಬ್ಯಾಟರಿ ಹೋಯ್ತು, ಹೊಸದು ಹಾಕಿ' ಎಂದು ವಾಚ್‌ಮನ್‌ನಿಂದ ಹಿಡಿದು ಎದುರು ಮನೆಯವರ ತನಕ ಎಲ್ಲರೂ ತೀರ್ಪು ಕೊಟ್ಟುಬಿಡುತ್ತಾರೆ. ಸಾವಿರಾರು ರೂಪಾಯಿ ಖರ್ಚು ಮಾಡುವ ಮೊದಲು ಒಂದು ಪ್ರಶ್ನೆ. ಹೋದದ್ದು ನಿಜವಾಗಿಯೂ ಬ್ಯಾಟರಿಯೇ?

ಒಂದು ಕಾಲದಲ್ಲಿ ಕಾರಿನ ಒಡೆಯರಿಗೆ ಇದರ ಉತ್ತರ ತಾವಾಗಿಯೇ ಗೊತ್ತಿರುತ್ತಿತ್ತು. ಆ ತಿಳಿವಳಿಕೆ ನಮ್ಮ ಕೈಯಿಂದ ಜಾರಿದ ಬಗೆಯನ್ನು ಹೇಳಲು ಭಾಂಡುಪ್‌ನ ಎಲ್‌ಬಿಎಸ್ ಮಾರ್ಗಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಒಂದೇ ರಸ್ತೆಯ ಮೂರು ಕಾರ್ಖಾನೆಗಳು

ಹಳಬರು ಈ ರಸ್ತೆಯನ್ನು ಆಗ್ರಾ ರೋಡ್ ಎನ್ನುತ್ತಾರೆ. ಕುರ್ಲಾ, ಘಾಟ್‌ಕೋಪರ್, ವಿಕ್ರೋಲಿ, ಕಾಂಜೂರ್‌ಮಾರ್ಗ್ ದಾಟಿ ಭಾಂಡುಪ್, ಮುಲುಂಡ್ ಮೂಲಕ ಅದು ಠಾಣೆಗೆ ಹೋಗುತ್ತದೆ. ಕುರ್ಲಾದಲ್ಲಿ ವಾಲ್‌ಚಂದ್ ಹಿರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯ ಕಾರ್ಖಾನೆ ಇತ್ತು. ಫಿಯೆಟ್ 1100 ತಯಾರಾದದ್ದು ಅಲ್ಲಿ. ಅದೇ ಕಾರು 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಭಾಂಡುಪ್‌ನಲ್ಲಿ ಸಿಯೆಟ್ ಟಯರ್ ಕಾರ್ಖಾನೆ, ಆ ಕಂಪನಿ ಸ್ಥಾಪನೆಯಾದದ್ದು 1958ರಲ್ಲಿ. ತಮಾಷೆಯೆಂದರೆ ಇಂಗ್ಲಿಷಿನಲ್ಲಿ ಬರೆದರೆ ಫಿಯೆಟ್ ಮತ್ತು ಸಿಯೆಟ್ ಎರಡೂ ಹೆಸರುಗಳ ಕೊನೆಗೆ ಬರುವ 'ಟಿ' ಅಕ್ಷರ ಇಟಲಿಯ ಟೊರಿನೊ ನಗರದ್ದು! ಇವೆರಡರ ನಡುವೆ, ಭಾಂಡುಪ್‌ನ ಪಕ್ಕದ ಸ್ಟೇಷನ್ನಾದ ಕಾಂಜೂರ್‌ಮಾರ್ಗ್‌ನಲ್ಲಿ ಸ್ಟ್ಯಾಂಡರ್ಡ್ ಬ್ಯಾಟರೀಸ್ ಕಂಪನಿಯ ಬ್ಯಾಟರಿ ಕಾರ್ಖಾನೆ.

ಅಂದರೆ ಕಾರು, ಬ್ಯಾಟರಿ, ಟಯರ್ ಮೂರೂ ಒಂದೇ ರಸ್ತೆಯಲ್ಲಿ, ಹನ್ನೆರಡು ಕಿಲೋಮೀಟರ್ ಒಳಗೆ ಹುಟ್ಟುತ್ತಿದ್ದವು. ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ತಯಾರಿಸುತ್ತಿದ್ದದ್ದು ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋ ಎಂಬುದನ್ನೂ ಕನ್ನಡಿಗರು ಹೆಮ್ಮೆಯಿಂದ ಸೇರಿಸಿಕೊಳ್ಳಬಹುದು.

ಕೈಮುರಿಯುವ ಕಾಲ

ಮೋಟಾರು ಕಾರಿನ ಮೊದಲ ದಶಕಗಳಲ್ಲಿ ಇಂಜಿನ್ ಎಬ್ಬಿಸುವುದು ತೋಳ್ಬಲದ ಕೆಲಸ. ಮುಂದುಗಡೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಇಂಜಿನ್ ಹಿಮ್ಮುಖವಾಗಿ ಒದ್ದರೆ ಮಣಿಕಟ್ಟೇ ಮುರಿಯುತ್ತಿತ್ತು. ಆದ್ದರಿಂದಲೇ ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಮಡಿಸದೆ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕೆಂದು ಅನುಭವಿಗಳು ಕಲಿಸುತ್ತಿದ್ದರು. ಅಮೆರಿಕದಲ್ಲಿ ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೆಲ್ಯಾಂಡ್ ಅವರ ಗೆಳೆಯ ಬೈರನ್ ಕಾರ್ಟರ್ ಇಂಥ ಏಟಿನಿಂದಲೇ 1908ರಲ್ಲಿ ತೀರಿಕೊಂಡರೆಂದೂ ಆ ನೋವೇ ಹೊಸ ಯಂತ್ರಕ್ಕೆ ಕಾರಣವಾಯಿತೆಂದೂ ಒಂದು ಕಥೆಯಿದೆ. ಕಥೆ ಹೇಗೂ ಇರಲಿ, ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂತು.

ಅಂದಿನಿಂದ ತೋಳಿನ ಕೆಲಸ ಬ್ಯಾಟರಿಯ ಹೆಗಲಿಗೆ ಬಿತ್ತು. ಸೀಸದ ತಗಡು, ಗಂಧಕಾಮ್ಲಗಳ ಈ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲೇ ಕಂಡುಹಿಡಿದಿದ್ದರು. ಇಂದು ನಿಮ್ಮ ಬಾನೆಟ್ಟಿನ ಕೆಳಗಿರುವುದೂ ಮೂಲತಃ ಅದೇ!

ಭಾರತದಲ್ಲಿ ಹ್ಯಾಂಡಲ್ ಬಹುಕಾಲ ಉಳಿಯಿತು. ಅಂಬಾಸಡರ್‌ನ ಡಿಕ್ಕಿಯಲ್ಲಿ ಅದಕ್ಕೊಂದು ಜಾಗ ಇದ್ದೇ ಇರುತ್ತಿತ್ತು. ಮುಂಬಯಿಯ ಪದ್ಮಿನಿಗಳಿಗೆ 'ಧಕ್ಕಾ ಸ್ಟಾರ್ಟ್' ಎಂಬ ಸಾರ್ವಜನಿಕ ಸೇವೆ ಸದಾ ಸಿದ್ಧ. ಇಬ್ಬರು ನೂಕಿದರೆ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ, ಇಂಜಿನ್ ಕೆಮ್ಮಿಕೊಂಡು ಏಳುತ್ತಿತ್ತು. ಬ್ಯಾಟರಿ ನಂಬದವರು ಕಾರನ್ನು ಇಳಿಜಾರು ನೋಡಿಯೇ ನಿಲ್ಲಿಸುತ್ತಿದ್ದರು.

2000ದ ಸುಮಾರಿಗೆ ಕಾರ್ಬುರೇಟರ್ ಹೋಗಿ ಇಲೆಕ್ಟ್ರಾನಿಕ್ ಇಂಧನ ವ್ಯವಸ್ಥೆ ವ್ಯಾಪಕವಾಯಿತು. ಪೆಟ್ರೋಲ್ ಪಂಪ್‌ಗೂ ಕರೆಂಟು ಬೇಕು, ಒಳಗಿನ ಪುಟ್ಟ ಕಂಪ್ಯೂಟರ್‌ಗೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಸತ್ತರೆ ಊರೇ ಬಂದು ನೂಕಿದರೂ ಕಾರು ಏಳದು. ಆಟೋಮ್ಯಾಟಿಕ್ ಗೇರಿನವರಂತೂ ನೂಕುವ ಯೋಚನೆಯನ್ನೇ ಬಿಡಬೇಕು. ಕಾಂಜೂರ್‌ನ ಬ್ಯಾಟರಿ ಘಟಕ 1998ರಲ್ಲಿ ಎಕ್ಸೈಡ್ ಪಾಲಾಯಿತು. ಪದ್ಮಿನಿಯ ತಯಾರಿಕೆ ಹೊಸ ಶತಮಾನದ ಆರಂಭದಲ್ಲಿ ನಿಂತಿತು. 2003ರ ಅಕ್ಟೋಬರ್ 29ರಂದು ನೋಂದಣಿಯಾದ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 2023ರ ಅಕ್ಟೋಬರ್‌ನಲ್ಲಿ ಇಪ್ಪತ್ತು ವರ್ಷದ ಅವಧಿ ಮುಗಿಯಿತು. ಧಕ್ಕಾ ಸ್ಟಾರ್ಟಿನ ಯುಗವೂ ಅದರೊಂದಿಗೇ ಹೋಯಿತು ಎನ್ನಬಹುದು.

ಕಿವಿಯೇ ಮೊದಲ ಮೆಕ್ಯಾನಿಕ್

ಕಾರು ಬದಲಾದರೂ ಬ್ಯಾಟರಿಯ ಗುಣ ಬದಲಾಗಿಲ್ಲವಲ್ಲ! ಹಾಗಾಗಿ ಹಳಬರ ಪರೀಕ್ಷೆ ಇಂದಿಗೂ ನಡೆಯುತ್ತದೆ. ರೇಡಿಯೋ ಕೇಳುವ ನಿಮಗೆ ಕಿವಿ ಚುರುಕಾಗಿಯೇ ಇರುತ್ತದೆ, ಅದನ್ನೇ ಬಳಸಿ.

ಕೀಲಿ ತಿರುಗಿಸಿದಾಗ 'ಟಕ್ ಟಕ್ ಟಕ್' ಎಂದು ವೇಗವಾಗಿ ಬಡಿದರೆ ಬ್ಯಾಟರಿ ಬಳಲಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಒಂದೇ ಒಂದು ಗಟ್ಟಿ 'ಟಕ್' ಬಂದು ಸುಮ್ಮನಾದರೆ, ಹೆಡ್‌ಲೈಟ್ ಹಚ್ಚಿ ಮತ್ತೆ ತಿರುಗಿಸಿ ನೋಡಿ. ಬೆಳಕು ಕುಗ್ಗದಿದ್ದರೆ ಸ್ಟಾರ್ಟರ್ ಮೋಟಾರಿನ ಮೇಲೆ ಸಂಶಯ ಪಡಿ. ಬೆಳಕು ತೀರಾ ಮಂಕಾದರೆ ಮೊದಲು ಬ್ಯಾಟರಿಯನ್ನೇ ನೋಡಬೇಕು. ಇಂಜಿನ್ ಚೆನ್ನಾಗಿ ಗಿರಗಿರ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸಾಮಾನ್ಯವಾಗಿ ಬ್ಯಾಟರಿ ನಿರಪರಾಧಿ, ದೋಷ ಪೆಟ್ರೋಲಿನಲ್ಲೋ ಕಿಡಿಯಲ್ಲೋ ಇದೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಮೊದಲು ಅದನ್ನು ತೊಳೆದು ಬಿಗಿ ಮಾಡಿ. ಎಷ್ಟೋ 'ಸತ್ತ' ಬ್ಯಾಟರಿಗಳು ಇಷ್ಟಕ್ಕೇ ಬದುಕುತ್ತವೆ.

ಒಂದು ಸಾದಾ ಮಲ್ಟಿಮೀಟರ್ ಮನೆಯಲ್ಲಿದ್ದರೆ ಇನ್ನೂ ಅನುಕೂಲ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿದರೆ ಹೊಟ್ಟೆ ತುಂಬಿದೆ. 12 ವೋಲ್ಟ್ ಅಥವಾ ಅದಕ್ಕೂ ಕಡಿಮೆಯಾದರೆ ಹಸಿದಿದೆ. ಇಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 14ರ ಆಸುಪಾಸು ಬರಬೇಕು. ಬಾರದಿದ್ದರೆ ಆಲ್ಟರ್ನೇಟರ್ ಉಣಿಸುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಅದೇ ಗತಿ.

ಕೂತು ತಿನ್ನುವ ಕಾರು

'ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬ ಗಾದೆ ನಿಂತ ಕಾರಿಗೂ ಸಲ್ಲುತ್ತದೆ. ಬೀಗ ಹಾಕಿದ ಮೇಲೂ ಗಡಿಯಾರ, ಅಲಾರ್ಮ್, ಕಂಪ್ಯೂಟರ್ ಚೂರುಚೂರು ಕರೆಂಟು ಮೆಲ್ಲುತ್ತಲೇ ಇರುತ್ತವೆ. 50 ಮಿಲಿಆಂಪಿಯರ್‌ವರೆಗೆ ಇದು ಸಹಜ ಎನ್ನುತ್ತಾರೆ. ಲೆಕ್ಕ ಹಾಕಿ: ದಿನಕ್ಕೆ 1.2 ಆಂಪಿಯರ್-ಅವರ್. ಚಿಕ್ಕ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಎರಡು ವಾರದಲ್ಲಿ ಅರ್ಧ ಖಾಲಿ, ನಾಲ್ಕು ವಾರಕ್ಕೆ ಬರಿದು. ಡಿಕ್ಕಿಯೊಳಗೆ ಐದು ವ್ಯಾಟಿನ ಒಂದು ಬಲ್ಬು ಆರದೆ ಉಳಿದರೆ ಮೂರುವರೆ ದಿನ ಸಾಕು! 2020ರ ಮಾರ್ಚ್ 25ರಿಂದ ಲಾಕ್‌ಡೌನ್‌ನಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳು ಈ ಪಾಠವನ್ನು ಎಲ್ಲರಿಗೂ ಕಲಿಸಿದವು.

ಬ್ಯಾಟರಿ ಅದಕ್ಕಿಂತ ಬೇಗ ಬರಿದಾಗುತ್ತಿದ್ದರೆ ಎಲ್ಲೋ ಕಳ್ಳನಿದ್ದಾನೆ. ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಡಿಕ್ಕಿಯ ಬಲ್ಬು, ಕೆಟ್ಟ ಆಲ್ಟರ್ನೇಟರ್ ಇವೇ ಸಾಮಾನ್ಯ ಆರೋಪಿಗಳು. ನೆಗೆಟಿವ್ ತಂತಿ ಬಿಚ್ಚಿ, ತಂತಿಗೂ ಟರ್ಮಿನಲ್‌ಗೂ ನಡುವೆ ಆಂಪಿಯರ್ ಮೀಟರ್ ಜೋಡಿಸಿ, ಬಾಗಿಲು ಮುಚ್ಚಿ, ಅರ್ಧ ಗಂಟೆ ಕಾಯಿರಿ. ಆಮೇಲೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಥಟ್ಟನೆ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ. ಮೀಟರ್ ಜೋಡಿಸಿರುವಾಗ ಮಾತ್ರ ಕೀಲಿ ತಿರುಗಿಸಲೇಬೇಡಿ, ಮೀಟರ್ ಸುಟ್ಟುಹೋದೀತು.

ಕೊನೆಗೊಂದು ಗಂಭೀರ ಮಾತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕಾರುಗಳೊಳಗೇ ಸಿಕ್ಕಿಬಿದ್ದು ಪ್ರಾಣ ಕಳೆದುಕೊಂಡವರಿದ್ದಾರೆ. ಕರೆಂಟು ಕೈಕೊಟ್ಟರೆ ಪವರ್ ವಿಂಡೋ ಇಳಿಯದೆ ಹೋಗಬಹುದು. ಆದ್ದರಿಂದ ನೀರು ಏರುತ್ತಿದ್ದರೆ ಕಾರು ಸ್ಟಾರ್ಟ್ ಮಾಡುವ ಹಟ ಬೇಡ, ಮೊದಲು ಗಾಜು ಇಳಿಸಿ, ಕಾರು ಬಿಟ್ಟು ಹೊರಬನ್ನಿ. ನೀರು ಇಳಿದ ಮೇಲೂ ಕೀಲಿ ತಿರುಗಿಸಬೇಡಿ. ಸಿಲಿಂಡರಿನೊಳಗೆ ಹೋದ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಇಂಜಿನ್ನೇ ಮುರಿಯುತ್ತದೆ.

ಊರಿಗೆ ತಿಂಗಳ ರಜೆ ಹೋಗುವವರು ಸಾಧಾರಣ ಕಾರಾದರೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟು ಹೋಗಿ. ಮರಳಿ ಬಂದಾಗ ಗಡಿಯಾರ ತಿದ್ದಬೇಕಾದೀತು, ರೇಡಿಯೋದಲ್ಲಿ ನಮ್ಮ ಸ್ಟೇಷನ್ನನ್ನೂ ಮತ್ತೆ ಹುಡುಕಬೇಕಾದೀತು. ಅಷ್ಟು ಕಷ್ಟವನ್ನು ನಮಗೋಸ್ಕರ ತೆಗೆದುಕೊಳ್ಳುತ್ತೀರಲ್ಲ?

ಕೇಳುತ್ತಿರಿ, ಇಂಜಿನ್ ಆರಿಸಿ ಬಹಳ ಹೊತ್ತು ಮಾತ್ರ ಬೇಡ!