‘ಕರೋನರ್’ ಎಂದರೆ ಕೊರೊನಾ ಡಾಕ್ಟರಾ? ಈ ಪದದ ನಿಜವಾದ ಅರ್ಥ ಇಲ್ಲಿದೆ

ಲಂಡನ್‌ನಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ಹಠಾತ್ತನೆ ತೀರಿಕೊಂಡ ಎಂದುಕೊಳ್ಳಿ. ‘ದೇಹ ಕರೋನರ್ ಬಳಿ ಇದೆ’ ಎಂಬ ಮೆಸೇಜ್ ಗುಬ್ಬಿಯ ಮನೆಗೆ ಬರುತ್ತದೆ. ಅದು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಫಾರ್ವರ್ಡ್ ಆಗುತ್ತಾ ತುಮಕೂರು ದಾಟಿ ಕುಣಿಗಲ್ ಮುಟ್ಟುವಷ್ಟರಲ್ಲಿ ‘ಕೊರೊನಾದಿಂದ ಸಾವು, ದೇಹ ಕೊಡುವುದಿಲ್ಲವಂತೆ’ ಎಂದಾಗಿಬಿಡಬಹುದು. ದುಃಖದ ಮನೆಗೆ ಭಯವೂ ಸೇರಿಕೊಳ್ಳುತ್ತದೆ. ಹಾಗಾದರೆ ಕರೋನರ್ ಎಂದರೆ ಯಾರು?

ಕರೋನರ್ ಯಾರು?

ಅಸಹಜ, ಹಠಾತ್ ಅಥವಾ ಕಾರಣ ತಿಳಿಯದ ಸಾವಿನ ವಿಚಾರಣೆ ನಡೆಸುವ ಅಧಿಕಾರಿಯೇ ಕರೋನರ್. ಇಂಗ್ಲೆಂಡಿನಲ್ಲಿ ಈಗ ಈ ಹುದ್ದೆಗೆ ಹೊಸದಾಗಿ ಬರುವವರು ಕಾನೂನು ಓದಿದವರಾಗಿರಬೇಕು, ಡಾಕ್ಟರ್ ಆಗಿರಲೇಬೇಕೆಂದಿಲ್ಲ. ಅಲ್ಲಿಂದ ದೇಹವನ್ನು ಊರಿಗೆ ತರಲು ಕರೋನರ್ ಅನುಮತಿ ಬೇಕು. ಕಾಯಿಲೆ ಯಾವುದೇ ಇರಲಿ, ಈ ನಿಯಮ ಎಲ್ಲರಿಗೂ ಒಂದೇ.

ಕೊರೊನಾಗೂ ಇದಕ್ಕೂ ಸಂಬಂಧವೇ ಇಲ್ಲವೇ?

ಕಾಯಿಲೆಯ ಸಂಬಂಧವಿಲ್ಲ, ಪದದ ಸಂಬಂಧವಿದೆ. ಲ್ಯಾಟಿನ್‌ನಲ್ಲಿ ‘ಕೊರೊನಾ’ ಎಂದರೆ ಕಿರೀಟ. 1194ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ರಿಚರ್ಡ್ ಕಾಲದಲ್ಲಿ, ಕಿರೀಟಕ್ಕೆ ಅಂದರೆ ರಾಜನಿಗೆ ಸಂಬಂಧಿಸಿದ ವ್ಯಾಜ್ಯಗಳನ್ನು ನೋಡಿಕೊಳ್ಳಲು ಈ ಹುದ್ದೆ ಬಂತು. ಅಪರಾಧಿಗಳ ಆಸ್ತಿ, ಸಿಕ್ಕಿದ ನಿಧಿ ರಾಜನ ಬೊಕ್ಕಸ ತಪ್ಪದಂತೆ ಕಾಯುವುದೂ ಅವರ ಕೆಲಸವಾಗಿತ್ತು. ಜನರ ಬಾಯಲ್ಲಿ ಅವರು ‘ಕ್ರೌನರ್’ ಕೂಡ ಆಗಿದ್ದರು.

ವೈರಸ್‌ಗೆ ಆ ಹೆಸರು ಬಂದದ್ದು 1968ರಲ್ಲಿ. ಮೈಕ್ರೋಸ್ಕೋಪ್‌ನಲ್ಲಿ ಅದರ ಸುತ್ತಲಿನ ಮುಳ್ಳುಗಳು ಕಿರೀಟದಂತೆ, ಸೂರ್ಯನ ಪ್ರಭಾವಲಯದಂತೆ ಕಂಡವು. ಹೃದಯವನ್ನು ಬಳಸಿಕೊಂಡಿರುವ ‘ಕೊರೊನರಿ’ ರಕ್ತನಾಳದ ಹೆಸರಿನ ಮೂಲವೂ ಇದೇ ಕಿರೀಟ.

ಬೇರೆ ಭಾಷೆಗಳಲ್ಲಿ ಏನೆನ್ನುತ್ತಾರೆ?

ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚರೂ ‘ಕರೋನರ್’ ಎಂದೇ ಬಳಸುತ್ತಾರೆ. ಶ್ರೀಲಂಕಾದ ಸಿಂಹಳದಲ್ಲಿ ಅವರು ‘ಹದಿಸಿ ಮರಣ ಪರೀಕ್ಷಕ’, ಅಂದರೆ ಹಠಾತ್ ಸಾವಿನ ಪರೀಕ್ಷಕ. ತಮಿಳಿನಲ್ಲಿ ‘ಮರಣ ವಿಸಾರಣೈ ಅದಿಕಾರಿ’. ಈ ಎರಡರಲ್ಲೂ ಕಿರೀಟ ಮಾಯ, ಕೆಲಸವೇ ಹೆಸರು.

ನಮ್ಮಲ್ಲಿ ಕರೋನರ್ ಇದ್ದಾರೆಯೇ?

ಇಲ್ಲ. 1871ರ ಕರೋನರ್ ಕಾಯ್ದೆ ಕಲ್ಕತ್ತಾ, ಬಾಂಬೆಯಂಥ ನಗರಗಳಿಗೆ ಸೀಮಿತವಾಗಿತ್ತು. ಮುಂಬೈನಲ್ಲೂ 1999ರಲ್ಲಿ ಈ ಹುದ್ದೆ ರದ್ದಾಯಿತು. ಅಂದಿನ ಮೈಸೂರು ಸಂಸ್ಥಾನದಲ್ಲಿದ್ದ ತುಮಕೂರಿಗೆ ಆ ಕಾಯ್ದೆ ಬರಲೇ ಇಲ್ಲ.

ಇಂದು ಕುಣಿಗಲ್ ಕೆರೆಯಲ್ಲಿ ಶವ ಸಿಕ್ಕರೆ ಬರುವವರು ಪೊಲೀಸರು. ಯುಡಿಆರ್ ದಾಖಲಿಸಿ, ಇಬ್ಬರು ಅಥವಾ ಹೆಚ್ಚು ಸ್ಥಳೀಯರ ಎದುರು ಶವ ಮಹಜರು ನಡೆಸುತ್ತಾರೆ. 2024ರ ಜುಲೈ 1ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್. ಅದರ ಪ್ರಕಾರ ವರದಿ 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಗೆ ಹೋಗಬೇಕು. ಮದುವೆಯಾಗಿ ಏಳು ವರ್ಷದೊಳಗೆ ಮಹಿಳೆ ಅನುಮಾನಾಸ್ಪದವಾಗಿ ಸತ್ತರೆ ದಂಡಾಧಿಕಾರಿಯೇ ವಿಚಾರಣೆ ನಡೆಸಬೇಕು. ನಮ್ಮ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಬರುವವರು ತಹಶೀಲ್ದಾರರು.

‘ಮಹಜರು’ ಅರಬ್ಬಿ ಮೂಲದ ಪದ, ಶಾಲೆಯಲ್ಲಿ ಹೇಳುವ ‘ಹಾಜರ್’ ಪದದ ಬಂಧು. ಹಾಜರಿದ್ದು ಕಂಡದ್ದರ ದಾಖಲೆ ಎಂದರ್ಥ. ಹಾಗಾಗಿ ಪಂಚರಾಗಿ ಸಹಿ ಹಾಕುವವರು ಕಣ್ಣಾರೆ ನೋಡಿ, ಓದಿಸಿ ಕೇಳಿಯೇ ಸಹಿ ಹಾಕಬೇಕು. ಬರೆಯದ ಹಾಳೆಗೆ ಸಹಿ ಬೇಡ.

ಒಟ್ಟಾರೆ ಹೇಳುವುದಾದರೆ

‘ಕರೋನರ್ ಬಳಿ ದೇಹವಿದೆ’ ಎಂದರೆ ಸಾವಿನ ಕಾರಣ ಹುಡುಕಲಾಗುತ್ತಿದೆ ಎಂದಷ್ಟೇ ಅರ್ಥ. ಕೊರೊನಾ ಎಂದಲ್ಲ, ಕೊಲೆ ಎಂದೂ ಅಲ್ಲ. ಇಂಥ ಮೆಸೇಜ್ ಬಂದರೆ ಗ್ರೂಪ್‌ಗೆ ಹಾಕುವ ಮುನ್ನ ಆ ಮನೆಯವರಿಗೆ ಒಂದು ಫೋನ್ ಮಾಡಿ.