ಹಡಗಿನ ಲೆಕ್ಕದಲ್ಲಿ ಸೇರಿದ ನಾವಿಕರು

ಬ್ರಿಟಿಷ್ ಸರ್ಕಾರ 1835ರಲ್ಲಿ ವ್ಯಾಪಾರಿ ಹಡಗುಗಳ ನಾವಿಕರನ್ನೆಲ್ಲ ಹೆಸರು ಹಿಡಿದು ದಾಖಲಿಸತೊಡಗಿದ್ದು ಮುಂದಿನ ತಲೆಮಾರಿನವರು ಹುಡುಕಲೆಂದಲ್ಲ. ಯುದ್ಧ ಬಂದರೆ ನೌಕಾಪಡೆಗೆ ಎಷ್ಟು ಕೈಗಳು ಸಿಕ್ಕಾವು ಎಂಬುದಷ್ಟೇ ಅದಕ್ಕೆ ಬೇಕಿತ್ತು. ಅದಕ್ಕೂ ಮೊದಲು, 1747ರಿಂದಲೇ, ಅಂಗವಿಕಲ ನಾವಿಕರ ಪರಿಹಾರ ನಿಧಿಗಾಗಿ ಕಪ್ತಾನರು ಪಟ್ಟಿ ಇಡುತ್ತಿದ್ದರು; ಅವುಗಳಲ್ಲಿ ಕೆಲವೇ ಬಂದರುಗಳವು ಉಳಿದಿವೆ.

1845ರಲ್ಲಿ ಬಂದ ಟಿಕೆಟ್ ಪದ್ಧತಿ ಈ ಚರಿತ್ರೆಯ ಅತ್ಯಂತ ಸ್ವಾರಸ್ಯದ ಭಾಗ. ಪ್ರತಿ ನಾವಿಕನಿಗೂ ಒಂದು ಸಂಖ್ಯೆ. ರಿಜಿಸ್ಟರಿನಲ್ಲಿ ಅವನು ಹುಟ್ಟಿದ ಊರು, ಎತ್ತರ, ಕಣ್ಣು ಕೂದಲಿನ ಬಣ್ಣ, ಮೈಮೇಲಿನ ಹಚ್ಚೆ ಗಾಯಗಳೂ ಸೇರಿದವು. ಫೋಟೊ ಇನ್ನೂ ರೂಢಿಗೆ ಬಾರದ ಕಾಲದ ಸಾಮಾನ್ಯ ಕೂಲಿಯವನ ರೂಪ ಇಷ್ಟು ವಿವರವಾಗಿ ಬೇರೆಡೆ ಸಿಗುವುದು ಅಪರೂಪ. ನಾವಿಕರಿಗೆ ಮಾತ್ರ ಇದು ಕೊರಳಿಗೆ ಕಟ್ಟಿದ ಹಗ್ಗದಂತೆ ಕಂಡಿತು. 1853ರಲ್ಲಿ ಟಿಕೆಟ್ ಹೋಯಿತು, 1857ರಲ್ಲಿ ರಿಜಿಸ್ಟರೇ ನಿಂತಿತು. ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಾವಿಕರಿಗೆಂದು ಕೇಂದ್ರೀಯ ದಾಖಲೆಯೇ ಇರಲಿಲ್ಲ.

ಈ ಕಂದಕವನ್ನು ದಾಟಿಸುವುದು ಹಡಗಿನವರ ಕರಾರುಪಟ್ಟಿ. ಅದರಲ್ಲಿ ಹೆಸರು, ವಯಸ್ಸು, ಊರು, ಕೆಲಸ, ಕೊನೆಗೊಂದು ಸಹಿ ಅಥವಾ ಗುರುತು ಇರುತ್ತದೆ. ಎಲ್ಲಕ್ಕಿಂತ ಉಪಯೋಗದ್ದು ‘ಹಿಂದಿನ ಹಡಗು’ ಎಂಬ ಕಲಮು: ಅದನ್ನು ಹಿಡಿದು ಒಂದೊಂದೇ ಹಡಗಿನಿಂದ ಹಿಂದಕ್ಕೆ ಹೋಗಬಹುದು. ಆದರೆ ಪಟ್ಟಿಗಳನ್ನು ಜೋಡಿಸಿಟ್ಟಿರುವುದು ಹಡಗಿನ ಅಧಿಕೃತ ಸಂಖ್ಯೆಯ ಕ್ರಮದಲ್ಲಿ. ಹುಡುಕುವವನ ಬಳಿ ಮನುಷ್ಯನ ಹೆಸರಷ್ಟೇ ಇದ್ದರೆ ಮೊದಲ ಪಟ್ಟಿಯೇ ಕೈಗೆ ಬರುವುದಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಾಗದದ ಗುಡ್ಡವನ್ನು ಇಡಲು ಜಾಗವಿಲ್ಲವೆಂದು ಹಂಚಿಬಿಟ್ಟರು. 1861ರಿಂದ ಮುಂದಿನ ಪಟ್ಟಿಗಳಲ್ಲಿ ಹತ್ತನೇ ಒಂದು ಪಾಲು ಮಾದರಿಗೆಂದು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿಯಿತು. ಉಳಿದವುಗಳಲ್ಲಿ 1861, 1862 ಮತ್ತು 5ರಲ್ಲಿ ಕೊನೆಗೊಳ್ಳುವ ವರ್ಷಗಳವು ಗ್ರೀನಿಚ್‌ನ ಸಾಗರ ಸಂಗ್ರಹಾಲಯಕ್ಕೆ, ಕೆಲವು ಸ್ಥಳೀಯ ಪತ್ರಾಗಾರಗಳಿಗೆ ಸೇರಿದವು. ಬಹುಪಾಲು ಅಟ್ಲಾಂಟಿಕ್ ದಾಟಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಪುಣ್ಯಕ್ಕೆ ಆ ವಿಶ್ವವಿದ್ಯಾಲಯದವರು ಅವನ್ನು ರದ್ದಿಯೆಂದು ಕಾಣಲಿಲ್ಲ. ಹಡಗಿನ ಇಂಗ್ಲಿಷ್ ಅಡುಗೆಭಟ್ಟನ ವೃತ್ತಾಂತಕ್ಕೆ ಇಂದು ಆ ವಿಶ್ವವಿದ್ಯಾಲಯವಿರುವ ಸೇಂಟ್ ಜಾನ್ಸ್ ನಗರಕ್ಕೆ ಬರೆಯಬೇಕಾಗುವುದು ಹೀಗೆ. 5ರ ನಿಯಮದಿಂದಾಗಿ 1915ರ ಪಟ್ಟಿಗಳು ಗ್ರೀನಿಚ್‌ನಲ್ಲಿದ್ದವು. ಸ್ವಯಂಸೇವಕರು ಅವನ್ನು ನಕಲು ಮಾಡಿದ್ದರಿಂದ ಆ ಒಂದು ವರ್ಷವನ್ನು ಹೆಸರಿನಿಂದಲೇ ಉಚಿತವಾಗಿ ಹುಡುಕಬಹುದು.

1913ರಲ್ಲಿ ರಿಜಿಸ್ಟರು ಮರಳಿ ಬಂತು. ಮೊದಲ ವರ್ಷಗಳ ಕಾರ್ಡುಗಳು ನಾಶವಾಗಿವೆ, 1918ರ ನಂತರದ ಹಲವು ಕಾರ್ಡುಗಳಲ್ಲಿ ಫೋಟೊ ಇದೆ. 1941ರಲ್ಲಿ ಯುದ್ಧದ ಒತ್ತಡದಿಂದ ಮತ್ತೊಂದು ರಿಜಿಸ್ಟರು ಶುರುವಾಯಿತು. ಅದು 1972ರವರೆಗೆ ನಡೆಯಿತು.

ಭಾರತೀಯರದು ಬೇರೆಯೇ ಹಾದಿ. 1914ರ ಹೊತ್ತಿಗೆ ಬ್ರಿಟಿಷ್ ಹಡಗುಗಳಲ್ಲಿ 50,000ದಷ್ಟು ಲಸ್ಕರರು, ಅಂದರೆ ಭಾರತೀಯ ನಾವಿಕರು, ಇದ್ದರು. ಮುಂಬಯಿ, ಕಲ್ಕತ್ತೆಗಳಲ್ಲಿ ನಾವಿಕರ ತಂಡದ ಮುಖ್ಯಸ್ಥರಾದ ಸಾರಂಗರ ಮೂಲಕ ಪ್ರತ್ಯೇಕ ಕರಾರಿನ ಮೇಲೆ, ಬಿಳಿಯರಿಗಿಂತ ತೀರ ಕಡಿಮೆ ಸಂಬಳಕ್ಕೆ ಇವರನ್ನು ತೆಗೆದುಕೊಳ್ಳುತ್ತಿದ್ದರು. ಹೆಸರುಗಳು ಗುಮಾಸ್ತನ ಕಿವಿಗೆ ಬಿದ್ದಂತೆ ಬರೆಯಲ್ಪಟ್ಟವು. ಒಬ್ಬನೇ ಮನುಷ್ಯ ಎರಡು ಹಡಗಿನಲ್ಲಿ ಎರಡು ಹೆಸರಿನವನಾಗಿ ಸಿಗುವುದುಂಟು. ಸಂಶೋಧನೆಯೂ ತಡವಾಗಿ ಬಂತು. ರೋಜಿನಾ ವಿಶ್ರಮ್ ಅವರ 1986ರ ಪುಸ್ತಕ ಲಸ್ಕರರನ್ನು ಬ್ರಿಟನ್ನಿನ ಸಾಮಾಜಿಕ ಚರಿತ್ರೆಯೊಳಕ್ಕೆ ತಂದಿತು, ಜಿ. ಬಾಲಚಂದ್ರನ್ ಅವರ 2012ರ ಅಧ್ಯಯನ ಅವರನ್ನು ಬೇಡಿಕೆ, ಮುಷ್ಕರ, ಜಾಣತನಗಳುಳ್ಳ ಕಾರ್ಮಿಕರಾಗಿ ನೋಡಿತು. ವಂಶಾವಳಿ ಹುಡುಕುವವರ ಕೈಪಿಡಿಗಳು ಇಷ್ಟು ಬೇಗ ಬದಲಾಗಿಲ್ಲವೆಂಬುದು ನನ್ನ ಅನಿಸಿಕೆ.

ಸಮುದ್ರದಲ್ಲೇ ತೀರಿಕೊಂಡವರನ್ನು ಹುಡುಕಲು ಒಂದು ದಾರಿಯಿದೆ. ಮುಂಬಯಿಯ ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿರುವ ಸ್ಮಾರಕ ಮೊದಲ ಮಹಾಯುದ್ಧದಲ್ಲಿ ಸತ್ತ 2,000ಕ್ಕೂ ಹೆಚ್ಚು ನಾವಿಕರದು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ಅಂಥವರ ಹೆಸರಿನ ಜೊತೆ ಹಡಗಿನ ಹೆಸರೂ ಸಿಗುತ್ತದೆ. ‘ಅಜ್ಜ ಹಡಗಿಗೆ ಹೋಗಿದ್ದರಂತೆ’ ಎಂಬ ಮಾತಷ್ಟೇ ಉಳಿದಿರುವ ನಮ್ಮ ಕರಾವಳಿಯ ಮನೆಯವರು ಲಂಡನ್ನಿಗೆ ಬರೆಯುವ ಮೊದಲು ಹಳೆಯ ಪೆಟ್ಟಿಗೆಯಲ್ಲಿ ಹುಡುಕಬೇಕಾದದ್ದು ಸೇವಾಪುಸ್ತಕವನ್ನು. ಅದಿಲ್ಲದಿದ್ದರೆ ಯಾವುದಾದರೂ ಕಾಗದದ ಮೇಲೆ ಹಡಗಿನ ಹೆಸರು ಮತ್ತು ವರ್ಷವನ್ನು.