ಸಂಧಿವಾತದ ಮೇಲೆ ಹೊರಿಸಿದ ತಪ್ಪು

ನಿಯಾಂಡರ್ತಲ್ ಮಾನವನನ್ನು ಮಂಡಿ ಬಗ್ಗಿಸಿ, ತಲೆ ಮುಂದಕ್ಕೆ ಚಾಚಿ, ಕಾಲೆಳೆಯುತ್ತ ನಡೆಯುವವನಂತೆ ಮೊದಲು ಚಿತ್ರಿಸಿದ್ದೇಕೆ? ಇದಕ್ಕೆ ಪಠ್ಯಪುಸ್ತಕಗಳು ಒಪ್ಪಿಸುವ ಉತ್ತರ ಹೀಗಿದೆ: ಫ್ರೆಂಚ್ ವಿದ್ವಾಂಸ ಮಾರ್ಸೆಲಿನ್ ಬೂಲ್ ಅವರಿಗೆ ಸಿಕ್ಕಿದ್ದು ಸಂಧಿವಾತದಿಂದ ಬಾಗಿಹೋದ ಮುದುಕನೊಬ್ಬನ ಎಲುಬುಗಳು, ಅವರು ರೋಗವನ್ನು ಗುರುತಿಸದೆ ಅದನ್ನೇ ಇಡೀ ಕುಲದ ಲಕ್ಷಣವೆಂದು ಬಗೆದರು. ಕಥೆ ಸೊಗಸಾಗಿದೆ, ನಿಜವಲ್ಲ.

ಆ ಎಲುಬುಗಳು 1908ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಲಾ ಶಪೆಲ್-ಓ-ಸಾಂ ಗ್ರಾಮದ ಗವಿಯಲ್ಲಿ ದೊರೆತವು. ಅಗೆದವರಲ್ಲಿ ಪಾದ್ರಿ ಸೋದರರಾದ ಅಮೆದೆ ಮತ್ತು ಝಾಂ ಬುಯಿಸೋನಿ ಇದ್ದರು. ಪ್ಯಾರಿಸ್ಸಿನ ನಿಸರ್ಗ ಚರಿತ್ರೆಯ ಮ್ಯೂಸಿಯಂನಲ್ಲಿದ್ದ ಬೂಲ್ ಅವುಗಳ ಕುರಿತ ವಿಸ್ತಾರವಾದ ಅಧ್ಯಯನವನ್ನು 1911ರಿಂದ 1913ರವರೆಗೆ ಕಂತುಗಳಲ್ಲಿ ಪ್ರಕಟಿಸಿದರು.

ಬೂಲ್ ಅವರನ್ನು ದೂರುವವರು ಆ ಅಧ್ಯಯನವನ್ನು ತೆರೆದು ನೋಡಿದಂತಿಲ್ಲ. ಬೆನ್ನುಮೂಳೆಯ ಮಣಿಗಳಲ್ಲೂ ಎಡ ಸೊಂಟದ ಕೀಲಿನಲ್ಲೂ ಇದ್ದ ರೋಗದ ಗುರುತುಗಳನ್ನು ಅವರು ಕಂಡಿದ್ದರು, ದಾಖಲಿಸಿಯೂ ಇದ್ದರು. ಕಂಡೂ ಬಾಗಿದ ಮನುಷ್ಯನನ್ನೇ ಕಟ್ಟಿದರು ಎಂದಮೇಲೆ ಕಾರಣವನ್ನು ಬೇರೆಡೆ ಹುಡುಕಬೇಕು. ನಿಯಾಂಡರ್ತಲರು ನಮ್ಮ ಪೂರ್ವಜರಲ್ಲ, ಬತ್ತಿಹೋದ ಪಕ್ಕದ ಕವಲು ಎಂಬುದು ಅವರ ನಿಲುವಾಗಿತ್ತು. ವಾನರಗಳೊಂದಿಗಿನ ಹೋಲಿಕೆಯನ್ನು ಅವರು ಮತ್ತೆಮತ್ತೆ ಎತ್ತಿಹಿಡಿದರು. ಕಾಲಿನ ಹೆಬ್ಬೆರಳು ಕೂಡ ವಾನರಗಳಲ್ಲಿರುವಂತೆ ಪಕ್ಕಕ್ಕೆ ಚಾಚಿತ್ತೆಂದು ಭಾವಿಸಿದರು. ಸೊಂಟದ ಸಂಧಿವಾತ ಯಾರ ಹೆಬ್ಬೆರಳನ್ನೂ ಹಾಗೆ ತಿರುಗಿಸುವುದಿಲ್ಲ.

ಹಾಗಾದರೆ ಕಥೆ ಹುಟ್ಟಿದ್ದೆಲ್ಲಿ? 1955ರಲ್ಲಿ ಪ್ಯಾರಿಸ್ಸಿನ ಅಂಗರಚನಾಶಾಸ್ತ್ರ ಸಮ್ಮೇಳನಕ್ಕೆ ಬಂದಿದ್ದ ವಿಲಿಯಂ ಸ್ಟ್ರಾಸ್ ಮತ್ತು ಎ. ಜೆ. ಇ. ಕೇವ್ ಈ ಅಸ್ಥಿಪಂಜರವನ್ನು ಪರೀಕ್ಷಿಸಿದರು. ಎಲುಬುಗಳು ಎಷ್ಟು ಚೂರಾಗಿದ್ದವು, ಎಷ್ಟನ್ನು ಊಹೆಯಿಂದ ತುಂಬಲಾಗಿತ್ತು ಎಂಬುದು ಅವರಿಗೂ ಅಚ್ಚರಿ ತಂದಿತು. ಆರೋಗ್ಯವಂತ ನಿಯಾಂಡರ್ತಲ್ ನಮ್ಮಂತೆಯೇ ನೆಟ್ಟಗೆ ನಿಲ್ಲುತ್ತಿದ್ದನೆಂದು 1957ರಲ್ಲಿ ಬರೆದರು. ಈ ಮುಖ್ಯ ತೀರ್ಮಾನಕ್ಕೆ ಅವರಿಗೆ ಋಣಿಯಾಗಿರಲೇಬೇಕು. ಆದರೆ ಈ ಒಬ್ಬನ ಮಟ್ಟಿಗೆ ಬಾಗುವಿಕೆಯ ಹೊಣೆಯನ್ನು ಸಂಧಿವಾತಕ್ಕೆ ವಹಿಸಿದ್ದು ಅತಿಯಾಯಿತು. ಅವರು ಎಚ್ಚರದಿಂದ ಆಡಿದ ಮಾತನ್ನು ಆಮೇಲಿನವರು ಎಚ್ಚರವಿಲ್ಲದೆ ಹಬ್ಬಿಸಿದರು.

ಮಾನವಶಾಸ್ತ್ರಜ್ಞ ಎರಿಕ್ ಟ್ರಿಂಕಾಸ್ 1985ರಲ್ಲಿ ಒಂದೊಂದೇ ಕೀಲನ್ನು ಮತ್ತೆ ಪರಿಶೀಲಿಸಿದರು. ಕುತ್ತಿಗೆಯಲ್ಲಿ, ಬೆನ್ನಿನಲ್ಲಿ, ಎಡ ಸೊಂಟದಲ್ಲಿ ಸವೆತ ಇದ್ದದ್ದು ನಿಜ. ಅದು ನಿಲುವನ್ನು ಹೇಳಿಕೊಳ್ಳುವಷ್ಟು ಬದಲಿಸುವಂಥದ್ದಲ್ಲ ಎಂಬುದು ಅವರ ನಿರ್ಣಯ. ಈ ಎಡ ಸೊಂಟದ ಬಳಿ ಇನ್ನಷ್ಟು ಹೊತ್ತು ನಿಲ್ಲಬೇಕು, ವಾದವೆಲ್ಲ ಸಿಕ್ಕಿಕೊಂಡಿರುವುದು ಅಲ್ಲೇ. ಒಂದೇ ಕಡೆಯ ಸೊಂಟ ಕೆಟ್ಟರೆ ಮನುಷ್ಯ ಕುಂಟಬಹುದು, ಆ ಕಾಲಿನ ಮೇಲೆ ಭಾರ ಹಾಕಲು ಹಿಂಜರಿಯಬಹುದು. ಎರಡೂ ಮಂಡಿ ಸಮನಾಗಿ ಬಗ್ಗಿದ ನಡಿಗೆಗೆ ಅದು ಸಾಕ್ಷಿಯಾಗದು.

2019ರಲ್ಲಿ ಮಾರ್ಟಿನ್ ಹ್ಯೂಸ್ಲರ್ ಮತ್ತು ಸಂಗಡಿಗರು ಶ್ರೋಣಿಯನ್ನು (ಸೊಂಟದ ಮೂಳೆಕಟ್ಟನ್ನು) ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದಾಗ ಸಾಕ್ಷ್ಯವೇ ತಿರುಗಿ ನಿಂತಿತು. ಸೊಂಟದ ಕೀಲಿನಲ್ಲಿ ಸವೆದ ಜಾಗಗಳು ಶ್ರೋಣಿ ನಮ್ಮಂತೆಯೇ ವಾಲಿತ್ತೆಂದು ತೋರಿಸಿದವು. ಕೆಳಬೆನ್ನಿನ ಮಣಿಗಳ ಹಿಂಚಾಚುಗಳು ಒಂದಕ್ಕೊಂದು ತಗಲಿ ಸವೆದಿದ್ದವು. ಬೆನ್ನು ಒಳಮುಖವಾಗಿ ಚೆನ್ನಾಗಿ ಬಾಗಿದ್ದರೆ ಮಾತ್ರ ಅವು ಹಾಗೆ ತಗಲುತ್ತವೆ. ಆ ಬಾಗು ನೆಟ್ಟಗೆ ನಿಲ್ಲುವವರ ಲಕ್ಷಣ. ಅಂದರೆ, ಬೂಲ್ ಅವರನ್ನು ದಾರಿ ತಪ್ಪಿಸಿತೆಂದು ದೂರಿದ ಅದೇ ರೋಗ ಅವರ ಚಿತ್ರವನ್ನು ಅಲ್ಲಗಳೆಯುವ ಸಾಕ್ಷಿಯಾಯಿತು.

(ಈತನ ಬಹಳಷ್ಟು ಹಲ್ಲು ಉದುರಿದ್ದರಿಂದ ಬಳಗದವರು ಆಹಾರ ಅರೆದು ಉಣಿಸುತ್ತಿದ್ದರೆಂಬ ಮಾತೂ ಪ್ರಚಾರದಲ್ಲಿದೆ. ಸಾಯುವ ಕಾಲಕ್ಕೂ ಅಗಿಯಲು ಕೆಲವು ಹಲ್ಲುಗಳಿದ್ದವೆಂದು ಎನ್. ಸಿ. ಟ್ಯಾಪೆನ್ 1985ರಲ್ಲೇ ವಾದಿಸಿದ್ದರು. ಆರೈಕೆ ನಡೆದಿರಬಹುದು; ಅದಕ್ಕೆ ಹಲ್ಲಿಗಿಂತ ಗಟ್ಟಿಯಾದ ಆಧಾರ ಬೇಕು.)

ಸವೆತದಿಂದ ನಡಿಗೆಯನ್ನು ಊಹಿಸುವ ಹಳೆಯ ತಪ್ಪು ಗವಿಯಲ್ಲೇ ಉಳಿದಿಲ್ಲ. ಮೂಳೆಯಲ್ಲಿ ಸವೆತ ಕಂಡ ತಕ್ಷಣ ನಡಿಗೆ ಮುಗಿಯಿತೆಂದು ಎಣಿಸುವುದು ಎಕ್ಸ್‌ರೇ ಹಿಡಿದು ಕೂತ ಇಂದಿನ ಎಷ್ಟೋ ಮನೆಗಳಲ್ಲೂ ನಡೆದಿದೆ. ಚಿತ್ರದಲ್ಲಿ ಕಾಣುವ ಸವೆತಕ್ಕೂ ನೋವಿಗೂ ಹೊಂದಿಕೆ ಸಡಿಲ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ 2022ರ ಮಾರ್ಗಸೂಚಿ ಕೀಲು ಸವೆತವಿರುವ ಎಲ್ಲರಿಗೂ ಅವರವರ ಅಗತ್ಯಕ್ಕೆ ತಕ್ಕ ವ್ಯಾಯಾಮವನ್ನು ಸೂಚಿಸುತ್ತದೆ. 45 ವರ್ಷ ತುಂಬಿದವರಲ್ಲಿ ಲಕ್ಷಣ ಸ್ಪಷ್ಟವಿದ್ದರೆ ಎಕ್ಸ್‌ರೇ ಇಲ್ಲದೆಯೇ ರೋಗ ಗುರುತಿಸಬಹುದೆನ್ನುತ್ತದೆ.

ಪಠ್ಯಪುಸ್ತಕ ಬರೆಯುವವರಲ್ಲಿ ಒಂದು ಕೋರಿಕೆ: ಸಂಧಿವಾತ ಬೂಲ್ ಅವರ ಕಣ್ಣು ಕಟ್ಟಿತೆಂಬ ವಾಕ್ಯವನ್ನು ಮುಂದಿನ ಮುದ್ರಣದಲ್ಲಿ ತೆಗೆಯಿರಿ, ಟ್ರಿಂಕಾಸ್ ಮತ್ತು ಹ್ಯೂಸ್ಲರ್ ಕಂಡದ್ದನ್ನು ಅಲ್ಲಿ ಸೇರಿಸಿ.